ಹರಿಗೋಲಿಗೊಂದು ಚಿತ್ರಪಟ

ದಳವಾಯಿ ದೇವರಾಜ 1735ರಲ್ಲಿ ಕಪಿಲೆಗೆ ಕಟ್ಟಿಸಿದ ಕಲ್ಲಿನ ಸೇತುವೆಯನ್ನು ನಂಜನಗೂಡಿನಲ್ಲಿ ನೀವು ಇಂದಿಗೂ ನೋಡಬಹುದು. ಕಪಿಲೆ ಮುಂದೆ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಈ ಸೀಮೆಯ ಹೊಳೆಗಳಲ್ಲಿ ಜನರನ್ನು ದಾಟಿಸಿದ ಹಳೆಯ ಹರಿಗೋಲುಗಳು ಈಗೆಲ್ಲಿ? ಬಿದಿರು ಕೊಳೆಯಿತು, ಚರ್ಮ ಹರಿಯಿತು. ಕಲ್ಲು ತಾನಾಗಿ ಉಳಿಯುತ್ತದೆ. ಹರಿಗೋಲು ಉಳಿಯಬೇಕಾದರೆ ಯಾರಾದರೂ ಬರೆದಿಡಬೇಕು.

ಹಾಗೆ ಬರೆದವರಲ್ಲಿ ಹೊರಗಿನವರಿದ್ದಾರೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಚರ್ಮ ಹೊದಿಸಿದ ಬುಟ್ಟಿಯಂಥ ದೋಣಿಗಳು 15-20 ಜನರನ್ನು ಹೊತ್ತು ಸುತ್ತುತ್ತಲೇ ಸಾಗುತ್ತಿದ್ದುದನ್ನು ದಾಖಲಿಸಿದ್ದಾನೆ. ಮದ್ರಾಸಿನ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್, ಭಾರತದ ದೋಣಿಗಳ ರಚನೆ ಕುರಿತು 1920ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹರಿಗೋಲಿಗೂ ಸ್ಥಾನ ಕೊಟ್ಟರು.

ಅಳತೆ ಏಕೆ ಮುಖ್ಯ? ಒಂದು ಲೆಕ್ಕ ಮಾಡಿ. 3 ಮೀಟರ್ ವ್ಯಾಸದ, ಚಪ್ಪಟೆ ತಳದ ಹರಿಗೋಲು 10 ಸೆಂಟಿಮೀಟರ್ ಮುಳುಗಿದರೆ ಸುಮಾರು 700 ಲೀಟರ್ ನೀರನ್ನು ಸರಿಸುತ್ತದೆ. ಆರ್ಕಿಮಿಡೀಸನ ತತ್ತ್ವದಂತೆ, ತನ್ನ ತೂಕವೂ ಸೇರಿ ಸುಮಾರು 700 ಕಿಲೋ ಹೊರಬಲ್ಲದು. ಬಂಡೆಗಳಿರುವ ತೆಳುನೀರಿನಲ್ಲೂ ಅದು ತೇಲುವ ಗುಟ್ಟು ಇದೇ. ಸರಿಯಾದ ಅಳತೆಯಿದ್ದರೆ ಚಿತ್ರವೊಂದರಿಂದಲೇ ಇಷ್ಟನ್ನು ತಿಳಿಯಬಹುದು.

ತಲಕಾಡಿನಲ್ಲಿ ಪ್ರವಾಸಿಗರಿಗಾಗಿ ಹರಿಗೋಲುಗಳು ಇಂದೂ ತೇಲುತ್ತಿವೆ. ಆದರೆ ಹಳೆಯ ಸಾಮಗ್ರಿ ಮಾಯವಾಗುತ್ತಿದೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ಅಳತೆಪಟ್ಟಿ, ಪೆನ್ಸಿಲ್ ಹಿಡಿದು ಅಲ್ಲಿಗೆ ಹೋಗಿ. ವ್ಯಾಸ, ಆಳ, ಬಿದಿರಿನ ದಬ್ಬೆಗಳ ಸಂಖ್ಯೆ, ಹೆಣಿಗೆಯ ಕ್ರಮ, ಹುಟ್ಟಿನ ಉದ್ದ ಎಲ್ಲವನ್ನೂ ಗುರುತಿಸಿ. ನಿಮ್ಮಲ್ಲಿ ಅಂಬಿಗರ ಮನೆಯ ಮಕ್ಕಳಿದ್ದರೆ ಇನ್ನೂ ಒಳ್ಳೆಯದು. ಪ್ರತಿಯೊಂದು ಭಾಗಕ್ಕೂ ಅಜ್ಜ ಹೇಳುವ ಹೆಸರನ್ನು ಚಿತ್ರದ ಪಕ್ಕದಲ್ಲಿ ಬರೆಯಿರಿ. ಆ ಹೆಸರುಗಳು ಪಾಯಸನಿಗೆ ಸಿಕ್ಕಿರಲಿಲ್ಲ, ನಿಮಗೆ ಸಿಗುತ್ತವೆ.