ತಿಗರಿಯ ಪ್ರಾಚೀನತೆ

ಮಸ್ಕಿಗೆ ಬರುವ ಚರಿತ್ರಾಸಕ್ತರು ಅಶೋಕನ ಶಾಸನವನ್ನು ದರ್ಶಿಸಿ ಹಿಂದಿರುಗುವುದು ವಾಡಿಕೆ. 1915ರಲ್ಲಿ ಬೆಳಕಿಗೆ ಬಂದ ಆ ಬಂಡೆಯು ದೇವಾನಾಂಪ್ರಿಯನ ನಿಜನಾಮವನ್ನು ಜಗತ್ತಿಗೆ ಸಾರಿತಾದ್ದರಿಂದ ಅದಕ್ಕೆ ಆ ಗೌರವವು ಸಲ್ಲತಕ್ಕದ್ದೇ. ಆದರೆ ಅದೇ ನೆಲದಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಅವರು ಅಗೆದು ತೆಗೆದ ಮಡಕೆಯ ಚೂರುಗಳನ್ನು ವಿಚಾರಿಸುವವರು ವಿರಳ. ಪಾಮನಕಲ್ಲೂರಿನ ನಮ್ಮಂಥ ನೆರೆಯವರೂ ಈ ದೋಷಕ್ಕೆ ಹೊರತಲ್ಲ. ಅಕ್ಷರವಿಲ್ಲದ ಚೂರುಗಳೂ ಚರಿತ್ರೆಯನ್ನು ನುಡಿಯುತ್ತವೆ. ಅದು ಕುಂಬಾರನ ಚಕ್ರದ, ಎಂದರೆ ತಿಗರಿಯ ಚರಿತ್ರೆ.

ಕೈಯಿಂದ ತಟ್ಟಿದ ಮಡಕೆಯ ಮೈ ಏರುಪೇರಾಗಿರುವುದು. ತಿಗರಿಯ ಮೇಲೆ ಎದ್ದ ಮಡಕೆಯ ಒಳಮೈಯಲ್ಲಿ ಬೆರಳಿನ ಗೆರೆಗಳು ಸುತ್ತುಸುತ್ತಾಗಿ ಉಳಿಯುವುವು. ಮಾರ್ಟಿಮರ್ ವೀಲರ್ ಅವರು 1947ರಲ್ಲಿ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನದಲ್ಲಿ ಈ ಭೇದವು ಪದರಪದರವಾಗಿ ಕಂಡುಬಂದಿತು. ಕೆಳಗೆ ಕಲ್ಲುಗೊಡಲಿಯ ಜನರ ಕೈಮಡಕೆ. ಅದರ ಮೇಲೆ ಬೃಹತ್ ಶಿಲಾಸಮಾಧಿಗಳನ್ನು ಕಟ್ಟಿದವರ, ಮಂದಗತಿಯ ಚಕ್ರದ ಮಡಕೆ. ಮತ್ತೂ ಮೇಲೆ ಶಾತವಾಹನರ ಕಾಲದ, ಶೀಘ್ರಗತಿಯ ತಿಗರಿಯ ಮಡಕೆ.

ಮಂದಗತಿಯ ಚಕ್ರವನ್ನು ಮೇಲಿಂದ ಮೇಲೆ ಕೈಯಿಂದ ತಿರುಗಿಸುತ್ತಿರಬೇಕು. ತಿಗರಿಯಾದರೋ ಕೋಲಿನಿಂದ ಒಮ್ಮೆ ಬೀಸಿ ಬಿಟ್ಟರೆ ತಾನಾಗಿ ಸುತ್ತುತ್ತ ಕುಂಬಾರನ ಎರಡು ಕೈಗಳಿಗೂ ಬಿಡುವು ಕೊಡುವುದು. ಈ ಶಕ್ತಿಯು ಅದರ ಅಂಚಿನಲ್ಲಿದೆ. ಅರೆಕಾಲುಗಳ ತಿಗರಿಯ ಅಂಚಿಗೆ ನಾರು ಬೆರೆಸಿದ ಮಣ್ಣನ್ನು ದಪ್ಪವಾಗಿ ಮೆತ್ತಿ ಭಾರವನ್ನು ಹೆಚ್ಚಿಸುವುದುಂಟು. ಅಕ್ಷದಿಂದ ಎರಡು ಪಟ್ಟು ದೂರಕ್ಕೆ ಒಯ್ದ ಭಾರವು ತಿರುಗುವಿಕೆಯನ್ನು ಉಳಿಸಿಕೊಳ್ಳುವುದರಲ್ಲಿ ನಾಲ್ಕು ಪಟ್ಟು ಬಲವುಳ್ಳದ್ದಾಗುತ್ತದೆ. ಯೂರೋಪಿನ ಗಣಿತಜ್ಞ ಆಯ್ಲರನು ಘನವಸ್ತುಗಳ ಭ್ರಮಣವನ್ನು ಕುರಿತ ತನ್ನ ಗ್ರಂಥದಲ್ಲಿ ಈ ಗುಣಕ್ಕೆ ಹೆಸರಿಟ್ಟು ಪ್ರತಿಪಾದಿಸಿದ್ದು 1765ರಲ್ಲಿ.

ನಮ್ಮ ಶಾಸ್ತ್ರಕಾರರೂ ತಿಗರಿಯನ್ನು ಕಂಡವರೇ. ಕುಂಬಾರನು ಕೈ ತೆಗೆದ ಮೇಲೂ ಚಕ್ರವು ಸಂಸ್ಕಾರವಶದಿಂದ ಸುತ್ತುವಂತೆ, ಜ್ಞಾನೋದಯವಾದ ಮೇಲೂ ದೇಹವು ಕೆಲಕಾಲ ನಿಲ್ಲುವುದೆಂದು ಈಶ್ವರಕೃಷ್ಣನು ಸಾಂಖ್ಯಕಾರಿಕೆಯಲ್ಲಿ ಹೇಳಿರುವನು. ವೈಶೇಷಿಕರಲ್ಲಿ ಪ್ರಶಸ್ತಪಾದನು ವೇಗವನ್ನೇ ಸಂಸ್ಕಾರದ ಮೂರು ಬಗೆಗಳಲ್ಲಿ ಒಂದೆಂದು ಎಣಿಸಿರುವನು. ಪಾಠಶಾಲೆಯಲ್ಲಿ ನಾನು ಇವನ್ನೆಲ್ಲ ಕಂಠಸ್ಥ ಮಾಡಿದ್ದೆನು. ತಿಗರಿಯ ಬಳಿ ಒಮ್ಮೆಯೂ ಕುಳಿತವನಲ್ಲ.

ಮುಂದೆ ಉಪಾಧ್ಯಾಯನಾಗಿ ಈ ದೃಷ್ಟಾಂತವನ್ನು ವಿವರಿಸುತ್ತಿರಲು ಕುಂಬಾರರ ಹುಡುಗನೊಬ್ಬನು ಎದ್ದು, “ಹಂಗಾದ್ರ ನಮ್ಮಪ್ಪ ತಿಗರಿ ಅಂಚಿಗೇ ಯಾಕ ಮಣ್ಣು ಮೆತ್ತತಾನ್ರೀ ಸರ?” ಎಂದನು. ಉತ್ತರವನ್ನರಿಯದ ನಾನು ಗದರಿಸಿ ಕೂರಿಸಿದೆನು. ಆ ಮಾತು ಮನಸ್ಸನ್ನು ಚುಚ್ಚುತ್ತಿರಲು ಸಂಜೆ ಅವರ ಮನೆಗೆ ಹೋದೆನು. ಅವನ ತಂದೆಯು ಏನನ್ನೂ ವಿವರಿಸಲಿಲ್ಲ. “ಕುಂದರ್ರಿ ಮಾಸ್ತರ್ರ” ಎಂದು ಕೋಲನ್ನು ನನ್ನ ಕೈಗಿತ್ತನು. ನಡುವಿಗೆ ಸಮೀಪದಲ್ಲಿ ಕೋಲನ್ನಿಟ್ಟು ನೂಕಿದರೆ ತಿಗರಿಯು ಕದಲಲೊಲ್ಲದು. ಅಂಚಿನಲ್ಲಿಟ್ಟು ನೂಕಿದಾಗ ಮೆಲ್ಲನೆ ಎದ್ದು ವೇಗವನ್ನು ಪಡೆಯಿತು. ಬೀಸುಕಲ್ಲಿನ ಗೂಟವು ಅಂಚಿನಲ್ಲಿರುವುದೇಕೆಂಬುದೂ ನನಗೆ ಆಗಲೇ ಹೊಳೆದದ್ದು. ಮರುದಿನ ಆ ಹುಡುಗನನ್ನೇ ಕರೆದು ಕರಿಹಲಗೆಯ ಮೇಲೆ ತಿಗರಿಯನ್ನು ಬರೆಯಿಸಿದೆನು. ಅಂಚನ್ನು ಅವನು ಎರಡು ಸಲ ತಿದ್ದಿ ದಪ್ಪ ಮಾಡಿದನು.