ತಾಲೂಕು ಆಸ್ಪತ್ರೆಯ ಬಾಗಿಲಲ್ಲಿ ಆರೋಗ್ಯ ವಿಮೆ: ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ದೃಷ್ಟಿಯಿಂದ ಒಂದು ಪರಿಶೀಲನೆ

ಭಾರತದ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆ ಮತ್ತು ಔಷಧಾಲಯಗಳು ರಾಜ್ಯಪಟ್ಟಿಯ 6ನೆಯ ನಮೂದಿನಲ್ಲಿವೆ. ವಿಮೆ ಎಂಬುದು ಕೇಂದ್ರಪಟ್ಟಿಯ 47ನೆಯ ನಮೂದಿನಲ್ಲಿದೆ. ಸಾಮಾಜಿಕ ಭದ್ರತೆ ಮತ್ತು ಸಾಮಾಜಿಕ ವಿಮೆ ಸಮವರ್ತಿ ಪಟ್ಟಿಯ 23ನೆಯ ನಮೂದಿಗೆ ಸೇರಿವೆ. ಹೀಗಾಗಿ ಬಡ ಕುಟುಂಬವೊಂದರ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಭರಿಸುವ ಯಾವುದೇ ಯೋಜನೆ ಹುಟ್ಟಿನಿಂದಲೇ ಎರಡು ಸರ್ಕಾರಗಳ ನಡುವಿನ ಕರಾರಾಗಿರುತ್ತದೆ. ಈ ಕರಾರಿನ ಬಗೆಗಿನ ಚರ್ಚೆ ಬಹುಮಟ್ಟಿಗೆ ದೆಹಲಿ ಮತ್ತು ಬೆಂಗಳೂರುಗಳ ಪಾಲು ಎಷ್ಟು, ಯೋಜನೆಗೆ ಯಾರ ಹೆಸರು ಇರಬೇಕು ಎಂಬ ಪ್ರಶ್ನೆಗಳಲ್ಲೇ ಮುಗಿದುಹೋಗುತ್ತದೆ. ಬೆಳಗಾವಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಬೇರೆಯೇ ಸಂಗತಿ ಮುನ್ನೆಲೆಗೆ ಬರುತ್ತದೆ: ವಿಮೆಯ ಮೊತ್ತ 30 ಸಾವಿರದಿಂದ 5 ಲಕ್ಷಕ್ಕೆ ಏರಿದ ಕಾಲಾವಧಿಯಲ್ಲಿ ರೋಗಿ ಆ ಮೊತ್ತವನ್ನು ತಲುಪುವ ದಾರಿ ಅದೇ ಪ್ರಮಾಣದಲ್ಲಿ ಸುಗಮವಾಗಿಲ್ಲ, ಮತ್ತು ಆ ದಾರಿಯ ಮೊದಲ ಬಾಗಿಲು ತಾಲೂಕು ಆಸ್ಪತ್ರೆ ಎಂಬುದು ಈ ಲೇಖನದ ವಾದ.

ಈ ಸೀಮೆಗೆ ಆರೋಗ್ಯ ವಿಮೆ ಮೊದಲು ಬಂದದ್ದು ಸಹಕಾರಿ ಸಂಘಗಳ ಮೂಲಕ. ನಾರಾಯಣ ಹೃದಯಾಲಯದ ಡಾ. ದೇವಿ ಶೆಟ್ಟಿ ಅವರ ಕಲ್ಪನೆಯನ್ನು ರಾಜ್ಯದ ಸಹಕಾರ ಇಲಾಖೆ ಕೈಗೆತ್ತಿಕೊಂಡು ರೂಪಿಸಿದ ಯಶಸ್ವಿನಿ ಯೋಜನೆ 2002ರ ನವೆಂಬರಿನಲ್ಲಿ ಉದ್ಘಾಟನೆಗೊಂಡು 2003ರ ಜೂನ್‌ನಲ್ಲಿ ಜಾರಿಗೆ ಬಂದಿತು. ಆರಂಭದಲ್ಲಿ ಸದಸ್ಯನೊಬ್ಬನ ವಾರ್ಷಿಕ ವಂತಿಗೆ 60 ರೂಪಾಯಿ. ಮೊದಲ ವರ್ಷವೇ ರಾಜ್ಯದಾದ್ಯಂತ ಸುಮಾರು 16 ಲಕ್ಷ ಜನ ಸೇರಿದರು. ಇಷ್ಟು ಬೇಗ ಇಷ್ಟು ಜನ ಸೇರಲು ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬೆಳಗಾವಿಯ ರೈತನಿಗೆ ಬೆಳೆಸಾಲ, ರಸಗೊಬ್ಬರ, ಬೀಜ ಎಲ್ಲವೂ ದೊರೆಯುತ್ತಿದ್ದುದು ಊರಿನ ಪಿ.ಕೆ.ಪಿ.ಎಸ್. ಎಂದು ಜನ ಕರೆಯುವ ಪ್ರಾಥಮಿಕ ಕೃಷಿ ಪತ್ತಿನ ಸಂಘದಲ್ಲಿ. ವಂತಿಗೆ ಕಟ್ಟುವ ಸ್ಥಳವೂ ಅದೇ ಆಗಿದ್ದರಿಂದ ವಿಮೆಗಾಗಿ ಹೊಸ ಕಚೇರಿಯೊಂದನ್ನು ನಂಬಬೇಕಾದ ಅಗತ್ಯ ಅವನಿಗೆ ಬೀಳಲಿಲ್ಲ. ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಸಹಕಾರಿ ಸಂಘ ಹುಟ್ಟಿದ ಈ ಪ್ರದೇಶದಲ್ಲಿ ಅಂಥ ನಂಬಿಕೆಗೆ ಒಂದು ಶತಮಾನದ ಹಿನ್ನೆಲೆ ಇತ್ತು. ಆದರೆ ಯಶಸ್ವಿನಿಯ ಮೂಲರೂಪ ಮುಖ್ಯವಾಗಿ ಶಸ್ತ್ರಚಿಕಿತ್ಸೆಗಳಿಗೆ ಸೀಮಿತವಾಗಿತ್ತು ಮತ್ತು ಸಂಘದ ಸದಸ್ಯತ್ವ ಇಲ್ಲದ ಭೂಹೀನ ಕೂಲಿಕಾರರು ಅದರ ಹೊರಗೇ ಉಳಿದರು.

ರಾಮದುರ್ಗ, ಸುರೇಬಾನ, ಮನಿಹಾಳದ ನೇಕಾರರ ಕಥೆ ಬೇರೆ. 2005–06ರಿಂದ ಕೇಂದ್ರ ಜವಳಿ ಸಚಿವಾಲಯ ಕೈಮಗ್ಗ ನೇಕಾರರಿಗಾಗಿ ಖಾಸಗಿ ವಿಮಾ ಕಂಪನಿಯೊಂದರ ಮೂಲಕ ನಡೆಸಿದ ಆರೋಗ್ಯ ವಿಮಾ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 15,000 ರೂಪಾಯಿ ಮಿತಿ ಇತ್ತು, ಮೊತ್ತ ಸಣ್ಣದು. ಆದರೆ ಅದರಲ್ಲಿ 7,500 ರೂಪಾಯಿಯವರೆಗೆ ಹೊರರೋಗಿ ಚಿಕಿತ್ಸೆಗೆ, ಅಂದರೆ ಆಸ್ಪತ್ರೆಗೆ ದಾಖಲಾಗದೆ ವೈದ್ಯರನ್ನು ಕಂಡು ಔಷಧಿ ಪಡೆಯುವುದಕ್ಕೆ, ಬಳಸಲು ಅವಕಾಶವಿತ್ತು. ದಿನವಿಡೀ ಮಗ್ಗದ ಮುಂದೆ ಕೂರುವವರಿಗೆ ಬರುವ ಕೀಲುನೋವು, ಕಣ್ಣಿನ ದೋಷ, ಉಸಿರಾಟದ ತೊಂದರೆಗಳು ಹೆಚ್ಚಾಗಿ ದಾಖಲಾತಿ ಬೇಡದ, ಆದರೆ ತಿಂಗಳುಗಟ್ಟಲೆ ಔಷಧಿ ಬೇಡುವ ಕಾಯಿಲೆಗಳು. ನಂತರ ಬಂದ ದೊಡ್ಡ ಮೊತ್ತದ ಸಾರ್ವಜನಿಕ ಯೋಜನೆಗಳು ಈ ಅಂಶವನ್ನು ಕೈಬಿಟ್ಟವು. ಇದು ಹಿಂದಿನ ಎರಡು ದಶಕಗಳ ಆರೋಗ್ಯ ವಿಮಾ ನೀತಿಯ ಅತ್ಯಂತ ಗಂಭೀರ ಲೋಪ ಎಂದೇ ಹೇಳಬೇಕಾಗುತ್ತದೆ.

ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ 30,000 ರೂಪಾಯಿಯ ರಕ್ಷಣೆ ನೀಡುವ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ 2008ರಲ್ಲಿ ಆರಂಭವಾಗಿ, ಕರ್ನಾಟಕದಲ್ಲಿ ಮೊದಲಿಗೆ ಐದು ಜಿಲ್ಲೆಗಳಲ್ಲಿ ಜಾರಿಗೊಂಡಿತು. ಅವುಗಳಲ್ಲಿ ಬೆಳಗಾವಿಯೂ ಒಂದು. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಡಿ. ರಾಜಶೇಖರ್ ಮತ್ತು ಸಹಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಈ ಆರಂಭದ ಹಂತವನ್ನು ಪರಿಶೀಲಿಸಿತು. ಅರ್ಹ ಕುಟುಂಬಗಳಲ್ಲಿ ಶೇ. 85ರಷ್ಟು ಯೋಜನೆಯ ಬಗ್ಗೆ ಕೇಳಿದ್ದವು, ಶೇ. 68ರಷ್ಟು ನೋಂದಣಿಯಾಗಿದ್ದವು, ಆದರೆ ಚಿಕಿತ್ಸೆಗೆ ಬಳಸಿಕೊಂಡವರ ಪ್ರಮಾಣ ಶೇ. 0.4 ಮಾತ್ರ. ಸ್ಮಾರ್ಟ್ ಕಾರ್ಡು ಹಳ್ಳಿಗೆ ತಲುಪುವುದು ತಡವಾಗಿತ್ತು, ತಲುಪಿದಲ್ಲಿಯೂ ಆಸ್ಪತ್ರೆಗಳು ಅದನ್ನು ಓದುವ ಯಂತ್ರ ಮತ್ತು ತರಬೇತಿಯೊಂದಿಗೆ ಸಿದ್ಧವಾಗಿರಲಿಲ್ಲ. ನೋಂದಣಿಯ ಸಂಖ್ಯೆಯನ್ನೇ ಯಶಸ್ಸಿನ ಅಳತೆಗೋಲಾಗಿ ಹಿಡಿಯುವ ಆಡಳಿತದ ರೂಢಿಗೆ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇಕಾಗಿರಲಿಲ್ಲ.

ಇದೇ ಕಾಲದಲ್ಲಿ ರಾಜ್ಯ ಸರ್ಕಾರ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಆರಂಭಿಸಿದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಕಲಬುರಗಿ ವಿಭಾಗಕ್ಕೂ ಆನಂತರ ಬೆಳಗಾವಿ ವಿಭಾಗಕ್ಕೂ ಬಂದಿತು. ದಕ್ಷಿಣದ ಜಿಲ್ಲೆಗಳು 2012ರವರೆಗೆ ಕಾಯಬೇಕಾಯಿತು. ಹೃದಯ, ಕ್ಯಾನ್ಸರ್, ನರಶಸ್ತ್ರಚಿಕಿತ್ಸೆ, ಮೂತ್ರಪಿಂಡ, ಸುಟ್ಟಗಾಯ, ನವಜಾತ ಶಿಶುಗಳ ಆರೈಕೆ ಮುಂತಾದ ತೃತೀಯ ಹಂತದ, ಎಂದರೆ ದೊಡ್ಡ ವಿಶೇಷ ಆಸ್ಪತ್ರೆಗಳಲ್ಲಿ ಮಾತ್ರ ಸಾಧ್ಯವಾಗುವ ಚಿಕಿತ್ಸೆಗಳಿಗೆ ಕುಟುಂಬಕ್ಕೆ 1.5 ಲಕ್ಷ ರೂಪಾಯಿಯವರೆಗೆ ನೆರವು ದೊರೆಯುತ್ತಿತ್ತು. ಯೋಜನೆ ರಾಜ್ಯದ ಅರ್ಧಕ್ಕೆ ಮಾತ್ರ ಮೊದಲು ಬಂದದ್ದು ಸಂಶೋಧಕರಿಗೆ ಅಪರೂಪದ ಅವಕಾಶ ಒದಗಿಸಿತು. ನೀರಜ್ ಸೂದ್ ಮತ್ತು ಸಹಲೇಖಕರು ಯೋಜನೆಯ ಭೌಗೋಳಿಕ ಗಡಿಯ ಎರಡೂ ಬದಿಯ 572 ಹಳ್ಳಿಗಳನ್ನು ಹೋಲಿಸಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಅರ್ಹ ಕುಟುಂಬಗಳಲ್ಲಿ ಸಂಭವಿಸಿದ ಸಾವಿನ ಪ್ರಮಾಣ ಶೇ. 0.32 ಇದ್ದರೆ, ಗಡಿಯಾಚೆಯ ಅದೇ ಸ್ಥಿತಿಯ ಕುಟುಂಬಗಳಲ್ಲಿ ಅದು ಶೇ. 0.90 ಇತ್ತು. ನಾಲ್ಕು ತಾಲೂಕುಗಳು ಆ ಗಡಿರೇಖೆಯಿಂದ ದೂರವಿದ್ದರೂ ಯೋಜನೆಯನ್ನು ಮೊದಲು ಪಡೆದ ವಿಭಾಗಕ್ಕೇ ಸೇರಿವೆ. ಒಂದೇ ರಾಜ್ಯದಲ್ಲಿ, ಹೆಚ್ಚುಕಡಿಮೆ ಒಂದೇ ಅವಧಿಯಲ್ಲಿ, 30,000ದ ಯೋಜನೆ ಬಹುತೇಕ ನಿಷ್ಕ್ರಿಯವಾಗಿದ್ದು 1.5 ಲಕ್ಷದ ಯೋಜನೆ ಫಲ ನೀಡಿದ್ದನ್ನು ಮೊತ್ತದ ವ್ಯತ್ಯಾಸದಿಂದಷ್ಟೇ ವಿವರಿಸಲಾಗದು. ಆರೋಗ್ಯಶ್ರೀಯಲ್ಲಿ ನೋಂದಾಯಿತ ಆಸ್ಪತ್ರೆಗಳೇ ಗ್ರಾಮೀಣ ಪ್ರದೇಶಕ್ಕೆ ಬಂದು ತಪಾಸಣಾ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸುತ್ತಿದ್ದವು, ಪಡಿತರ ಚೀಟಿಯೇ ಅರ್ಹತೆಯ ದಾಖಲೆಯಾಗಿತ್ತು, ಮತ್ತು ಆರೋಗ್ಯ ಮಿತ್ರ ಎಂಬ ಸಹಾಯಕರು ಆಸ್ಪತ್ರೆಯಲ್ಲಿ ರೋಗಿಯ ಜೊತೆಗಿರುತ್ತಿದ್ದರು. ದಾರಿ ತೋರಿಸುವ ವ್ಯವಸ್ಥೆ ಇದ್ದುದರಿಂದ ಹಣ ರೋಗಿಯನ್ನು ತಲುಪಿತು.

2018ರಲ್ಲಿ ಈ ಬಿಡಿಬಿಡಿ ಯೋಜನೆಗಳೆಲ್ಲ ಒಂದಾದವು. ಮಾರ್ಚ್ 2ರಂದು ಆರೋಗ್ಯ ಕರ್ನಾಟಕ ಆರಂಭವಾಯಿತು; ಯಶಸ್ವಿನಿ ಅದರಲ್ಲಿ ವಿಲೀನವಾಯಿತು. ಸೆಪ್ಟೆಂಬರ್ 23ರಂದು ಕೇಂದ್ರದ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ ರಾಂಚಿಯಲ್ಲಿ ಚಾಲನೆ ಪಡೆದ ಮೇಲೆ, ಅಕ್ಟೋಬರ್ ಕೊನೆಯಲ್ಲಿ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಜಂಟಿ ಯೋಜನೆ ರೂಪುಗೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30, ಅದೂ 1.5 ಲಕ್ಷದ ಮಿತಿಯೊಳಗೆ. ಕೇಂದ್ರ ತನ್ನ ಪಾಲನ್ನು 2011ರ ಸಾಮಾಜಿಕ-ಆರ್ಥಿಕ ಜಾತಿ ಗಣತಿಯಲ್ಲಿ ಗುರುತಿಸಿದ ಸುಮಾರು 62 ಲಕ್ಷ ಕುಟುಂಬಗಳಿಗೆ ಮಾತ್ರ ಲೆಕ್ಕಹಾಕಿತು. ಆರಂಭದಲ್ಲಿ ಪ್ರತಿ ಕುಟುಂಬಕ್ಕೆ ವರ್ಷಕ್ಕೆ ಗರಿಷ್ಠ 1,052 ರೂಪಾಯಿ, ಅದರಲ್ಲಿ ಶೇ. 60, ಅಂದರೆ ಸುಮಾರು 631 ರೂಪಾಯಿ ಕೇಂದ್ರದ್ದು. ಕೋಟಿಗೂ ಮೀರಿದ ಬಿಪಿಎಲ್ ಕುಟುಂಬಗಳಿರುವ ರಾಜ್ಯದಲ್ಲಿ ಉಳಿದ ಹೊರೆಯೆಲ್ಲ ರಾಜ್ಯದ ಬೊಕ್ಕಸದ ಮೇಲೆ ಬಿದ್ದಿತು. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಕರ್ನಾಟಕ ವಿಮಾ ಕಂಪನಿಗೆ ಕಂತು ಕಟ್ಟುವ ಮಾದರಿಯನ್ನು ಒಪ್ಪದೆ, ಟ್ರಸ್ಟ್ ನೇರವಾಗಿ ಆಸ್ಪತ್ರೆಯ ಬಿಲ್ಲನ್ನು ತೀರಿಸುವ ಖಾತ್ರಿ ಮಾದರಿಯನ್ನು ಉಳಿಸಿಕೊಂಡಿತು. ಲಾಭಾಂಶಕ್ಕೆ ಹೋಗಬಹುದಾದ ಹಣ ಚಿಕಿತ್ಸೆಗೇ ಉಳಿಯುವ ಕಾರಣ ಇದು ವಿವೇಕದ ನಿರ್ಧಾರ.

ಜಂಟಿ ಯೋಜನೆಯ ಕಾರ್ಯವಿಧಾನವೇ ಈ ನಾಲ್ಕು ತಾಲೂಕುಗಳಿಗೆ ನಿರ್ಣಾಯಕವಾದದ್ದು. 1,650 ಚಿಕಿತ್ಸೆಗಳನ್ನು ಸರಳ ದ್ವಿತೀಯ, ಸಂಕೀರ್ಣ ದ್ವಿತೀಯ, ತೃತೀಯ ಮತ್ತು ತುರ್ತು ಎಂದು ವಿಂಗಡಿಸಲಾಯಿತು. ಸರಳ ದ್ವಿತೀಯ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಸಂಕೀರ್ಣ ಮತ್ತು ತೃತೀಯ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ತನ್ನಲ್ಲಿ ಸೌಲಭ್ಯವಿಲ್ಲವೆಂದು ಸರ್ಕಾರಿ ಆಸ್ಪತ್ರೆ ಕೊಡುವ ರೆಫರಲ್ ಪತ್ರ ಬೇಕು. ತುರ್ತು ಚಿಕಿತ್ಸೆಗೆ ಮಾತ್ರ ಇದರಿಂದ ವಿನಾಯಿತಿ. ಸರ್ಕಾರಿ ಆಸ್ಪತ್ರೆಯನ್ನು ಬದಿಗೊತ್ತಿ ಎಲ್ಲ ಹಣವೂ ಖಾಸಗಿಯತ್ತ ಹರಿಯದಂತೆ ತಡೆಯುವ ಈ ನಿಯಮದ ಉದ್ದೇಶ ಸರಿಯಾದದ್ದೇ. ಸರ್ಕಾರಿ ಆಸ್ಪತ್ರೆ ತಾನೇ ಚಿಕಿತ್ಸೆ ನೀಡಿದಾಗ ಆ ಹಣ ಅದರ ಸುಧಾರಣೆಗೆ ಸಿಗುವುದರಿಂದ ನಿಯಮಕ್ಕೆ ಆರ್ಥಿಕ ತರ್ಕವೂ ಇದೆ. ಆದರೆ ನಿಯಮ ಫಲಿಸಬೇಕಾದರೆ ತಾಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞ, ಶಸ್ತ್ರಚಿಕಿತ್ಸಕ, ಮೂಳೆ ಮತ್ತು ಪ್ರಸೂತಿ ತಜ್ಞರು ದಿನವೂ ಇರಬೇಕು. ಅರಿವಳಿಕೆ ತಜ್ಞರೊಬ್ಬರು ರಜೆಯ ಮೇಲಿದ್ದರೆ ಉಳಿದ ಮೂವರಿದ್ದೂ ಶಸ್ತ್ರಚಿಕಿತ್ಸೆ ನಿಲ್ಲುತ್ತದೆ, ಮತ್ತು ಅಲ್ಲಿಯೇ ಆಗಬಹುದಾಗಿದ್ದ ಹರ್ನಿಯಾ ಅಥವಾ ಗರ್ಭಕೋಶದ ಶಸ್ತ್ರಚಿಕಿತ್ಸೆಗೆ ರೋಗಿ ಊರು ಬಿಡಬೇಕಾಗುತ್ತದೆ.

ಊರು ಬಿಡುವುದೆಂದರೆ ಎಲ್ಲಿಗೆ ಎಂಬುದು ತಾಲೂಕಿನಿಂದ ತಾಲೂಕಿಗೆ ಬೇರೆ. ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿರುವ ಕಿತ್ತೂರಿಗೆ ಧಾರವಾಡ ಸುಮಾರು 30 ಕಿಲೋಮೀಟರು, ಬೆಳಗಾವಿ ಸುಮಾರು 50. ಬೈಲಹೊಂಗಲದವರು ಬೆಳಗಾವಿಯ ಕಡೆ, ಜನ ಇಂದಿಗೂ ಸಿವಿಲ್ ಆಸ್ಪತ್ರೆ ಎನ್ನುವ ಬಿಮ್ಸ್ ಜಿಲ್ಲಾ ಆಸ್ಪತ್ರೆಗೋ ಕೆಎಲ್ಇ ಸಂಸ್ಥೆಯ ಪ್ರಭಾಕರ ಕೋರೆ ಆಸ್ಪತ್ರೆಗೋ ಹೋಗುತ್ತಾರೆ. ಸವದತ್ತಿಗೆ ಜಿಲ್ಲಾ ಕೇಂದ್ರಕ್ಕಿಂತ ಧಾರವಾಡ, ಹುಬ್ಬಳ್ಳಿಗಳೇ ಹತ್ತಿರ. ರಾಮದುರ್ಗಕ್ಕೆ ಬೆಳಗಾವಿ ನೂರು ಕಿಲೋಮೀಟರಿನ ಆಸುಪಾಸು. ನಾಲ್ಕೂ ತಾಲೂಕು ಕೇಂದ್ರಗಳಿಗೆ ರೈಲು ಇಲ್ಲ; ಇರುವುದು ವಾಯವ್ಯ ಸಾರಿಗೆಯ ಬಸ್ಸು, ಬಾಡಿಗೆ ವಾಹನ, ಮತ್ತು 2008ರ ನವೆಂಬರ್ 1ರಿಂದ ಓಡುತ್ತಿರುವ 108 ಆಂಬುಲೆನ್ಸ್. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ಮತ್ತು ನದಿದಂಡೆಯ ಹಳ್ಳಿಗಳು ಮುಳುಗಿದಂಥ ದಿನಗಳಲ್ಲಿ ಆ ದೂರ ಇನ್ನಷ್ಟು ಹಿಗ್ಗುತ್ತದೆ. ಚಿಕಿತ್ಸೆ ನಗದುರಹಿತವಾಗಿದ್ದರೂ ರೋಗಿಯ ಜೊತೆಗೆ ಹೋದವರ ಊಟ, ವಸತಿ, ತಪ್ಪಿದ ಕೂಲಿ ಯಾವ ಪ್ಯಾಕೇಜಿನಲ್ಲೂ ಬರುವುದಿಲ್ಲ. ಈ ದೃಷ್ಟಿಯಿಂದ 2023ರ ಜೂನ್ 11ರಂದು ಆರಂಭವಾದ ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯನ್ನೂ ಆರೋಗ್ಯ ನೀತಿಯ ಭಾಗವಾಗಿಯೇ ಪರಿಗಣಿಸಬೇಕು. ತಿಂಗಳಿಗೊಮ್ಮೆ ಕೀಮೋಥೆರಪಿಗೆ ಹುಬ್ಬಳ್ಳಿಗೆ ಹೋಗುವ ಮಹಿಳೆಗೂ ಮಗುವನ್ನು ಎತ್ತಿಕೊಂಡು ಬೆಳಗಾವಿಗೆ ಹೋಗುವ ತಾಯಿಗೂ ಅದು ಮಾಡಿದ ಉಪಕಾರವನ್ನು ಆರೋಗ್ಯ ಇಲಾಖೆಯ ಲೆಕ್ಕ ಹಿಡಿದಿಡುವುದಿಲ್ಲ.

ಇತ್ತೀಚಿನ ವರ್ಷಗಳ ಬದಲಾವಣೆಗಳು ಹಲವು. ನಿಂತುಹೋಗಿದ್ದ ಯಶಸ್ವಿನಿ 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದಿದೆ. ಗ್ರಾಮೀಣ ಸಹಕಾರಿ ಸದಸ್ಯರ ನಾಲ್ವರ ಕುಟುಂಬಕ್ಕೆ 500 ರೂಪಾಯಿ, ನಗರದವರಿಗೆ 1,000 ರೂಪಾಯಿ ವಂತಿಗೆ, 5 ಲಕ್ಷದ ಮಿತಿ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಎಪಿಎಲ್ ಕಾರ್ಡು ಹೊಂದಿದ, ಆದರೆ ಕಬ್ಬಿನ ಬಿಲ್ಲು ಬರುವವರೆಗೆ ಕೈಯಲ್ಲಿ ಕಾಸಿಲ್ಲದ ರೈತ ಕುಟುಂಬಕ್ಕೆ ಶೇ. 30ರ ನೆರವಿಗಿಂತ ಇದು ಹೆಚ್ಚಿನ ಆಸರೆ. ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು 70 ವರ್ಷ ತುಂಬಿದ ಎಲ್ಲರಿಗೂ ಆದಾಯದ ಭೇದವಿಲ್ಲದೆ ವಯ ವಂದನಾ ಕಾರ್ಡಿನ ಮೂಲಕ 5 ಲಕ್ಷದ ರಕ್ಷಣೆ ನೀಡುವುದಕ್ಕೆ ಚಾಲನೆ ಕೊಟ್ಟಿತು. ಅರ್ಹತೆಯನ್ನು ಬಡತನದ ಪಟ್ಟಿಯಿಂದ ಬಿಡಿಸಿ ವಯಸ್ಸಿಗೆ ಕಟ್ಟಿದ್ದು ತತ್ತ್ವದ ದೃಷ್ಟಿಯಿಂದ ದೊಡ್ಡ ಹೆಜ್ಜೆ. ಪಟ್ಟಿಯ ಮೇಲಿನ ಅವಲಂಬನೆ ಎಷ್ಟು ಅಪಾಯಕಾರಿ ಎಂಬುದು ಮರುತಿಂಗಳೇ ಕಂಡಿತು: 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿ ಮತ್ತು ಎಪಿಎಲ್‌ಗೆ ಪರಿವರ್ತನೆ ವಿವಾದಕ್ಕೀಡಾಗಿ ಸರ್ಕಾರ ಅದನ್ನು ತಡೆಹಿಡಿಯಬೇಕಾಯಿತು. ಅಕ್ಕಿಗಾಗಿ ರೂಪಿಸಿದ ಕಾರ್ಡು ಹೃದಯ ಶಸ್ತ್ರಚಿಕಿತ್ಸೆಯ ಹಕ್ಕನ್ನೂ ನಿರ್ಧರಿಸುವಾಗ, ಆಹಾರ ಇಲಾಖೆಯ ಪರಿಷ್ಕರಣೆಯೊಂದು ರೋಗಿಯ ಪಾಲಿಗೆ 5 ಲಕ್ಷವನ್ನು ಶೇ. 30ಕ್ಕೆ ಇಳಿಸಿಬಿಡಬಲ್ಲದು.

ಗಡಿ ಜಿಲ್ಲೆಯಾದ ಬೆಳಗಾವಿಯಲ್ಲಿ ಆರೋಗ್ಯ ವಿಮೆ ರಾಜ್ಯ-ರಾಜ್ಯಗಳ ಸಂಬಂಧವನ್ನೂ ಮುಟ್ಟಿದೆ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ತಾನು ಹಕ್ಕು ಸಾಧಿಸುತ್ತಿರುವ ಕರ್ನಾಟಕದ 865 ಹಳ್ಳಿಗಳಿಗೆ ತನ್ನ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು ವಿಸ್ತರಿಸಿತು, ಕರ್ನಾಟಕ ಪ್ರತಿಭಟಿಸಿತು. ಒಂದು ರಾಜ್ಯ ಇನ್ನೊಂದರ ನೆಲದ ನಿವಾಸಿಗಳಿಗೆ ಕಾರ್ಡು ಹಂಚುವುದು ಒಕ್ಕೂಟ ಧರ್ಮಕ್ಕೆ ಒಗ್ಗುವಂಥದ್ದಲ್ಲ. ಆದರೆ ಯಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಗೆ ಮಹಾರಾಷ್ಟ್ರದಿಂದ ಬರುವ ಅಪಾರ ಭಕ್ತಸಮೂಹದಲ್ಲಿ ಯಾರಿಗಾದರೂ ಸವದತ್ತಿಯಲ್ಲಿ ಎದೆನೋವು ಬಂದರೆ ಯಾವ ರಾಜ್ಯದ ಕಾರ್ಡು ಎಂಬುದು ಮೊದಲ ಪ್ರಶ್ನೆಯಾಗಬಾರದು, ಮತ್ತು ರಾಜ್ಯದ ಗಡಿ ದಾಟಿಯೂ ಸೌಲಭ್ಯ ದೊರೆಯುವ ಕೇಂದ್ರ ಯೋಜನೆಯ ಅವಕಾಶ ನಿಜವಾದ ಅರ್ಥ ಪಡೆಯುವುದು ಇಂಥಲ್ಲಿಯೇ.

ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಕೈಯಿಂದ ಕೊಡುವ ಪಾಲು 2013–14ರಲ್ಲಿ ಶೇ. 64.2 ಇದ್ದದ್ದು 2021–22ರಲ್ಲಿ ಶೇ. 39.4ಕ್ಕೆ ಇಳಿದಿದೆ, ಎರಡನೆಯದು ಕೋವಿಡ್ ಕಾಲದ ಅಸಾಧಾರಣ ಸರ್ಕಾರಿ ವೆಚ್ಚದ ವರ್ಷ ಎಂಬುದನ್ನು ನೆನಪಿಡಬೇಕು. ಉಳಿದಿರುವ ಪಾಲಿನಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಂಥ ದೀರ್ಘಕಾಲದ ಹೊರರೋಗಿ ಚಿಕಿತ್ಸೆಯ ಔಷಧಿಯದೇ ದೊಡ್ಡ ಭಾಗ. ರೋಗಿಯನ್ನು ದೂರ ಕಳಿಸುವ ಬದಲು ಚಿಕಿತ್ಸೆಯನ್ನೇ ಹತ್ತಿರ ತರುವ ಪ್ರಯತ್ನಕ್ಕೆ ರಾಜ್ಯದಲ್ಲೇ ಮಾದರಿಯಿದೆ. 2023ರ ನವೆಂಬರಿನಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಆಯ್ದ ತಾಲೂಕು ಆಸ್ಪತ್ರೆಗಳಲ್ಲಿ ಎದೆನೋವಿನ ರೋಗಿಯ ಇಸಿಜಿ ತೆಗೆದು, ಹೃದ್ರೋಗ ಕೇಂದ್ರದ ತಜ್ಞರು ಅದನ್ನು ದೂರದಿಂದಲೇ ನೋಡಿ, ರಕ್ತನಾಳದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ನೂರು ಕಿಲೋಮೀಟರು ದೂರದ ಆಸ್ಪತ್ರೆಯಲ್ಲಿ ಕಾಯುತ್ತಿರುವ 5 ಲಕ್ಷ ರೂಪಾಯಿಗಿಂತ ರಾಮದುರ್ಗದಂಥ ಊರಿನಲ್ಲಿ ಮೊದಲ ಗಂಟೆಯೊಳಗೆ ಸಿಗುವ ಆ ಒಂದು ಚುಚ್ಚುಮದ್ದು ಹೆಚ್ಚು ಜೀವಗಳನ್ನು ಉಳಿಸಬಲ್ಲದು.

ಆದ್ದರಿಂದ ಮುಂದಿನ ಹೆಚ್ಚುವರಿ ಹಣ ವಿಮೆಯ ಮಿತಿಯನ್ನು ಏರಿಸುವುದಕ್ಕೆ ಹೋಗದೆ ತಾಲೂಕು ಆಸ್ಪತ್ರೆಗಳ ತಜ್ಞ ಹುದ್ದೆಗಳಿಗೆ, ಹೊರರೋಗಿ ಔಷಧಿಗೆ ಮತ್ತು ರೋಗಿಯ ಪ್ರಯಾಣ ವೆಚ್ಚಕ್ಕೆ ಹೋಗಬೇಕು. ಆರೋಗ್ಯದ ಅರ್ಹತೆಯನ್ನು ಪಡಿತರ ಚೀಟಿಯಿಂದ ಬೇರ್ಪಡಿಸಬೇಕು. ಬೈಲಹೊಂಗಲದಿಂದ ಬೇರ್ಪಟ್ಟ ಕಿತ್ತೂರು, ಸವದತ್ತಿಯಿಂದ ಬೇರ್ಪಟ್ಟ ಯರಗಟ್ಟಿಯಂಥ ಹೊಸ ತಾಲೂಕುಗಳಲ್ಲಿ ತಹಶೀಲ್ದಾರ್ ಕಚೇರಿಯಷ್ಟೇ ಆದ್ಯತೆ ಪೂರ್ಣ ಪ್ರಮಾಣದ ಆಸ್ಪತ್ರೆಗೂ ಸಿಗಬೇಕು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಪ್ರತಿ ತಾಲೂಕಿನಿಂದ ಎಷ್ಟು ರೆಫರಲ್ ಹೊರಟವು, ಯಾವ ಕಾಯಿಲೆಗೆ, ಯಾವ ತಜ್ಞರ ಕೊರತೆಯಿಂದ ಎಂಬ ವಿವರವನ್ನು ಪ್ರತಿ ತಿಂಗಳು ಕನ್ನಡದಲ್ಲಿ ಪ್ರಕಟಿಸಿ ಆಯಾ ತಾಲೂಕು ಆಸ್ಪತ್ರೆಯ ಫಲಕದ ಮೇಲೆ ಹಾಕಬೇಕು, ಮತ್ತು ಅದನ್ನು ಕೇಳುವ ಹಕ್ಕು ಹಾಗೂ ಹೊಣೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯದ್ದು, ಗ್ರಾಮ ಪಂಚಾಯಿತಿಯ ಸದಸ್ಯರದ್ದು, ಪಿ.ಕೆ.ಪಿ.ಎಸ್. ಆಡಳಿತ ಮಂಡಳಿಗಳದ್ದು.