ತುತ್ತು ಇಳಿಯದ ಮಗು: ಉಣ್ಣುವ ತೊಂದರೆ ಮತ್ತು ಆಸರೆಯ ಚಿಕಿತ್ಸೆ

ಉಣ್ಣದ ಮಗುವಿನ ಮೇಲೆ ನಾವು ಹೊರಿಸುವ ಮೊದಲ ಆರೋಪ ‘ಹಠ’. ಬಾಯಿ ಬಿಡದಿದ್ದರೆ ಹಠ, ಕೆನ್ನೆಯಲ್ಲಿಟ್ಟುಕೊಂಡು ಕೂತರೆ ಹಠ, ಉಗುಳಿದರಂತೂ ಕೇಳುವುದೇ ಬೇಡ. ಅದಕ್ಕೂ ಬಗ್ಗದಿದ್ದರೆ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತೇವೆ. ಉಣ್ಣುವಾಗ ಕೆಮ್ಮಿದರೆ ‘ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು’ ಎಂದು ತಲೆ ತಟ್ಟುತ್ತೇವೆ. ಮಾತಿನಲ್ಲಿ ಅಕ್ಕರೆಯಿದೆ, ನಿಜ. ಆದರೆ ದಿನಕ್ಕೆ ಮೂರು ಹೊತ್ತೂ ನೆತ್ತಿಗೆ ಹತ್ತುವ ಕೂಸನ್ನು ಅಷ್ಟೊಂದು ನೆನೆಸಿಕೊಳ್ಳುವ ನೆಂಟರು ಯಾರಿಗೂ ಇರುವುದಿಲ್ಲ. ಅಲ್ಲಿ ನೀರೋ ಗಂಜಿಯೋ ಅನ್ನನಾಳದ ದಾರಿ ಬಿಟ್ಟು ಶ್ವಾಸನಾಳದತ್ತ ಜಾರುತ್ತಿರಬಹುದು. ಹಸಿವು ಹುಟ್ಟಿನಿಂದ ಬರುತ್ತದೆ. ಉಣ್ಣುವುದನ್ನು ನಡಿಗೆಯಂತೆ ಹಂತಹಂತವಾಗಿ ಕಲಿಯಬೇಕು. ಚಿಕಿತ್ಸೆಯ ವಿಚಾರವೆಲ್ಲ ಈ ತಿಳಿವಳಿಕೆಯಿಂದ ಹೊರಡಬೇಕೆಂಬುದು ಈ ಲೇಖನದ ವಾದ.

2019ರಲ್ಲಿ ತಜ್ಞರ ತಂಡವೊಂದು ‘ಪೀಡಿಯಾಟ್ರಿಕ್ ಫೀಡಿಂಗ್ ಡಿಸಾರ್ಡರ್’ ಎಂಬ ಹೆಸರಿನಲ್ಲಿ ಒಮ್ಮತದ ವ್ಯಾಖ್ಯೆಯನ್ನು ಪ್ರಕಟಿಸಿತು. ಮಗು ವಯಸ್ಸಿಗೆ ತಕ್ಕಂತೆ ಬಾಯಿಯಿಂದ ಆಹಾರ ತೆಗೆದುಕೊಳ್ಳದಿರುವುದು ಕನಿಷ್ಠ 2 ವಾರ ಮುಂದುವರಿಯಬೇಕು. ಜೊತೆಗೆ ವೈದ್ಯಕೀಯ, ಪೌಷ್ಟಿಕ, ಉಣ್ಣುವ ಕೌಶಲ, ಮನೋಸಾಮಾಜಿಕ ಎಂಬ 4 ನೆಲೆಗಳಲ್ಲಿ ಒಂದರಲ್ಲಾದರೂ ತೊಂದರೆ ಇರಬೇಕು. 3 ತಿಂಗಳು ದಾಟಿದರೆ ಅದು ದೀರ್ಘಕಾಲದ್ದು. ಈ ನಾಲ್ಕು ನೆಲೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ ಎಂಬುದೇ ವ್ಯಾಖ್ಯೆಯ ನಿಜವಾದ ಲಾಭ. ಹೊಟ್ಟೆಯ ಆಮ್ಲ ಮೇಲಕ್ಕೆ ಉಕ್ಕುವ ಕೂಸಿಗೆ ನುಂಗಿದಾಗ ಉರಿಯುತ್ತದೆ. ಉರಿ ನೆನಪಿನಲ್ಲಿ ಉಳಿದು, ಚಮಚ ಕಂಡೊಡನೆ ಅದು ಮುಖ ತಿರುಗಿಸುತ್ತದೆ. ಮನೆಯವರು ಹೆದರಿ ತುರುಕುತ್ತಾರೆ. ಔಷಧಿಯಿಂದ ಉರಿ ಹೋದ ಮೇಲೂ ಮುಖ ತಿರುಗಿಸುವುದು ಹೋಗುವುದಿಲ್ಲ; ಅಷ್ಟರಲ್ಲಿ ಅದಕ್ಕೆ ಬೇರೆಯೇ ಕಾರಣ ಹುಟ್ಟಿಕೊಂಡಿರುತ್ತದೆ.

ಹೀರುವುದು, ನುಂಗುವುದು, ಉಸಿರಾಡುವುದು ಈ ಮೂರರ ತಾಳ ಗರ್ಭದ 34ನೇ ವಾರದ ಆಸುಪಾಸಿನಲ್ಲಿ ಕುದುರುತ್ತದೆ. ಅದಕ್ಕೆ ಮೊದಲೇ ಹುಟ್ಟಿದ ಕೂಸಿಗೆ ಒಳಲೆಯಿಂದ ಹನಿಸುವ ಹಾಲೂ ಪರೀಕ್ಷೆಯೇ. ಸೀಳಂಗುಳದ ಕೂಸು ಎಷ್ಟು ಹಸಿದರೂ ಬಾಯೊಳಗೆ ಹೀರುವ ಸೆಳೆತವನ್ನು ಉಂಟುಮಾಡಲಾರದು. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ನಾಲಿಗೆ, ತುಟಿ, ಕತ್ತು ಮೂರೂ ಒಟ್ಟಿಗೆ ಮಾತು ಕೇಳುವುದಿಲ್ಲ. ಇವು ಎದ್ದು ಕಾಣುವ ಕಾರಣಗಳು. ಹೆಚ್ಚು ಚರ್ಚೆಯಾಗದ ಇನ್ನೊಂದು ಕಾರಣ ನಮ್ಮ ಅಡುಗೆಮನೆಯ ಮಿಕ್ಸಿಯಲ್ಲಿದೆ.

6 ತಿಂಗಳು ತುಂಬಿದ ಮೇಲೆ ರಾಗಿ ಸರಿ ಶುರುವಾಗುತ್ತದೆ. ಅದು ಸರಿಯಾದ ಆರಂಭವೇ. ಆದರೆ ಎಷ್ಟೋ ಮನೆಗಳಲ್ಲಿ 2 ವರ್ಷವಾದರೂ ಅನ್ನ, ಬೇಳೆ, ತರಕಾರಿ ಎಲ್ಲವನ್ನೂ ರುಬ್ಬಿಯೇ ಕೊಡುತ್ತಾರೆ. ನುಣ್ಣನೆಯದನ್ನು ನುಂಗಲು ನಾಲಿಗೆ ಹಿಂದೆ ಮುಂದೆ ಆಡಿದರೆ ಸಾಕು. ಅಗಿಯಬೇಕಾದರೆ ಅದು ತುತ್ತನ್ನು ಪಕ್ಕದ ವಸಡಿಗೆ ತಳ್ಳುವುದನ್ನು ಕಲಿಯಬೇಕು. ಕಲಿಯುವ ಹೊತ್ತಿನಲ್ಲಿ ಗಂಟಿರುವ ಆಹಾರ ಸಿಗದಿದ್ದರೆ ಮುಂದೆ ಅನ್ನದ ಒಂದಗುಳೂ ಓಕರಿಕೆ ತರಿಸಬಹುದು. ಇಂಗ್ಲೆಂಡಿನ ಬ್ರಿಸ್ಟಲ್ ಪ್ರದೇಶದ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನವೊಂದರ 2009ರ ವರದಿಯಲ್ಲಿ, 9 ತಿಂಗಳ ನಂತರ ಗಂಟಿರುವ ಆಹಾರ ಕಂಡ ಮಕ್ಕಳಿಗೆ 7ನೆಯ ವಯಸ್ಸಿನಲ್ಲೂ ಊಟದ ತೊಂದರೆ ಹೆಚ್ಚಾಗಿತ್ತು.

ನಮ್ಮ ಅನ್ನ-ಸಾರನ್ನೇ ನೋಡಿ. ದೊಡ್ಡವರಿಗೆ ಇದಕ್ಕಿಂತ ಹಗುರದ ಊಟವಿಲ್ಲ. ಬಾಯಿ ಪಳಗದ ಮಗುವಿಗೆ ಮಾತ್ರ ಇದು ಕಠಿಣ: ತಿಳಿ ಮೊದಲೇ ಗಂಟಲಿಗೆ ಹರಿದುಬಿಡುತ್ತದೆ, ಅಗುಳು ಇನ್ನೂ ನಾಲಿಗೆಯ ಮೇಲೆಯೇ ಇರುತ್ತದೆ. ಹಾಗಾಗಿ ಚಿಕಿತ್ಸಕರು ಅನ್ನವನ್ನು ಬೇಳೆಯ ಗಟ್ಟಿಯೊಂದಿಗೆ ಕಿವುಚಿ ಕೊಡಿ, ನೀರಾಗಿ ಬಿಡಬೇಡಿ ಎನ್ನುತ್ತಾರೆ. ಆಮೇಲೆ ಕಿವುಚಿದ ಇಡ್ಲಿ, ಇಡ್ಲಿಯ ತುಂಡು, ಮೆತ್ತನೆಯ ದೋಸೆ, ಚಪಾತಿಯ ಎಳೆ. ಎಳೆಯನ್ನು ಬಾಯಿಯ ನಡುವೆ ಇಡದೆ ಒಂದು ಬದಿಯ ವಸಡಿನ ಮೇಲಿಡುತ್ತಾರೆ. ನಾಲಿಗೆ ಅದನ್ನು ಹುಡುಕಿಕೊಂಡು ಹೋಗಬೇಕು. ಚಮಚದ ಆಹಾರವನ್ನು ಮೇಲ್ದುಟಿಗೆ ಒರೆಸುವುದಿಲ್ಲ. ಚಮಚವನ್ನು ನಾಲಿಗೆಯ ಮೇಲೆ ಮೆಲ್ಲಗೆ ಒತ್ತಿ, ತುಟಿ ತಾನಾಗಿ ಮುಚ್ಚುವವರೆಗೆ ಕಾದು, ನೇರ ಹೊರಗೆ ತೆಗೆಯುತ್ತಾರೆ. ಆ ಕಾಯುವ ಎರಡು ಗಳಿಗೆಯೇ ಅರ್ಧ ಚಿಕಿತ್ಸೆ ಎಂಬುದು ನನ್ನ ಅಭಿಪ್ರಾಯ.

ಕೂರಿಸುವ ಬಗೆಯೂ ಮುಖ್ಯ. ಕಾಲು ಚಾಚಿ ಕುಳಿತು ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ ಸರಿ ಕುಡಿಸುವ ರೂಢಿ ನಮ್ಮಲ್ಲಿದೆ. ತಲೆ ಹಿಂದಕ್ಕೆ ವಾಲಿದಾಗ ಶ್ವಾಸನಾಳದ ದಾರಿ ತೆರೆದುಕೊಳ್ಳುತ್ತದೆ. ನುಂಗುವ ತೊಂದರೆ ಇರುವ ಮಗುವಿಗೆ ಇದು ಅಪಾಯ. ದುಬಾರಿ ಕುರ್ಚಿಯೇನೂ ಬೇಡ. ಗೋಡೆಯ ಮೂಲೆಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ ಗದ್ದ ತುಸು ಕೆಳಗಿರುವಂತೆ ನೋಡಿಕೊಂಡರೂ, ಸಣ್ಣ ಸ್ಟೂಲಿನ ಮೇಲೆ ಕೂರಿಸಿ ಪಾದದ ಕೆಳಗೆ ಮಣೆ ಇಟ್ಟರೂ ನಡೆಯುತ್ತದೆ.

ಒತ್ತಾಯದ ವಿಚಾರದಲ್ಲಿ ಸಂಶೋಧಕರಲ್ಲೇ ಎರಡು ದಾರಿಗಳಿವೆ. ಮಗು ತುತ್ತು ಒಪ್ಪುವವರೆಗೆ ಚಮಚವನ್ನು ತುಟಿಯಿಂದ ಸರಿಸದಿರುವ ವರ್ತನಾ ಚಿಕಿತ್ಸೆಯಿಂದ, ಕೊಳವೆಯಲ್ಲಿ ಆಹಾರ ಪಡೆಯುತ್ತಿದ್ದ ತೀವ್ರ ತೊಂದರೆಯ ಮಕ್ಕಳೂ ಉಣ್ಣಲು ಕಲಿತ ವರದಿಗಳಿವೆ, ಅದನ್ನು ತಳ್ಳಿಹಾಕಲಾಗದು. ಇನ್ನೊಂದು ದಾರಿ ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಅವರದು: ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಹೊಣೆ, ಎಷ್ಟು, ಉಣ್ಣಬೇಕೋ ಬೇಡವೋ ಎಂಬುದು ಮಗುವಿನದು. 2006ರಲ್ಲಿ ಸಂಶೋಧಕಿ ಏಮಿ ಗ್ಯಾಲೋವೇ ಮತ್ತು ಸಂಗಡಿಗರು ಶಾಲಾಪೂರ್ವ ವಯಸ್ಸಿನ ಮಕ್ಕಳಿಗೆ ಸೂಪ್ ಕೊಟ್ಟು ನೋಡಿದಾಗ, ‘ಮುಗಿಸು’ ಎಂದು ಒತ್ತಾಯಿಸದಿದ್ದಾಗಲೇ ಮಕ್ಕಳು ಹೆಚ್ಚು ಕುಡಿದಿದ್ದರು. ಒತ್ತಾಯಿಸಿದಾಗ ಗೊಣಗಾಟವೇ ಹೆಚ್ಚಿತ್ತು. ಮೊದಲ ದಾರಿಯನ್ನು ತಜ್ಞರ ತಂಡವಿಲ್ಲದೆ ಮನೆಯಲ್ಲಿ ಪ್ರಯೋಗಿಸಿದರೆ ಅದಕ್ಕೂ ತುರುಕುವುದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಮನೆಗೆ ಎರಡನೆಯದೇ ತಕ್ಕುದು.

ಮೊಬೈಲ್ ತೋರಿಸಿ ಉಣಿಸುವುದೂ ಒತ್ತಾಯದ ಮೃದು ರೂಪವೇ. ಚಂದಮಾಮನನ್ನು ತೋರಿಸುತ್ತಿದ್ದುದೂ ಒಂದು ಬಗೆಯ ಮೋಸವೇ ತಾನೆ ಎಂದು ಕೇಳಬಹುದು. ಹೌದು, ಆದರೆ ಅಲ್ಲಿ ಉಣಿಸುವವರೂ ಮಗುವೂ ಮಾತಾಡಿಕೊಂಡು ಒಂದನ್ನೇ ನೋಡುತ್ತಿದ್ದರು, ಮಗು ಸಾಕೆಂದು ಕತ್ತು ತಿರುಗಿಸಿದ್ದು ತಿಳಿಯುತ್ತಿತ್ತು. ಪರದೆಗೆ ಅಂಟಿದ ಮಗುವಿಗೆ ತನ್ನ ಬಾಯಿಗೆ ಏನು ಬಂತೆಂಬ ಅರಿವೇ ಇರುವುದಿಲ್ಲ. ಅರಿವಿಲ್ಲದೆ ಕೌಶಲ ಬೆಳೆಯದು.

ನುಂಗುವ ತೊಂದರೆಯನ್ನು ನೋಡುವವರು ಹೆಚ್ಚಾಗಿ ವಾಕ್ ಚಿಕಿತ್ಸಕರು ಎಂಬುದೇ ಅನೇಕ ಪೋಷಕರಿಗೆ ಹೊಸ ಸುದ್ದಿ. ಮಾತಿಗೂ ಊಟಕ್ಕೂ ಅದೇ ನಾಲಿಗೆ, ಅದೇ ತುಟಿ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಸೇವೆ ಇದೆ. ಹಳ್ಳಿಯ ಮಗು ಅಲ್ಲಿಗೆ ತಲುಪುವುದು ಹೇಗೆ? ಮಕ್ಕಳ ಆರೋಗ್ಯ ತಪಾಸಣೆಗೆಂದು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಪಟ್ಟಿ ಮಾಡಿದ ಸ್ಥಿತಿಗಳಲ್ಲಿ ಸೀಳುತುಟಿ, ತೀವ್ರ ಅಪೌಷ್ಟಿಕತೆ, ಬೆಳವಣಿಗೆಯ ವಿಳಂಬ ಇವೆ. ಉಣ್ಣುವ ತೊಂದರೆಗೆ ಪ್ರತ್ಯೇಕ ಹೆಸರಿಲ್ಲ. ಅಂಗನವಾಡಿಯಲ್ಲಿ ತೂಕದ ಗೆರೆ ಇಳಿದಾಗಷ್ಟೇ ಯಾರಾದರೂ ತಿರುಗಿ ನೋಡುತ್ತಾರೆ. ತೂಕ ಇಳಿಯುವ ಹೊತ್ತಿಗೆ ಊಟದ ಭಯ ತಿಂಗಳುಗಟ್ಟಲೆ ಹಳೆಯದಾಗಿರುತ್ತದೆ.

ಅಂಗನವಾಡಿ ಕಾರ್ಯಕರ್ತೆಯರಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ಒಂದು ಕೋರಿಕೆ: ಮಗುವನ್ನು ತಕ್ಕಡಿಗೆ ಹಾಕುವಾಗ ತಾಯಿಯನ್ನು ಎರಡೇ ಮಾತು ಕೇಳಿ. ಒಂದು ಊಟಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುತ್ತದೆಯೇ? ಉಣ್ಣುವಾಗ ಪದೇ ಪದೇ ಕೆಮ್ಮುತ್ತದೆಯೇ? ಹೌದೆಂದರೆ ಕಾರ್ಡಿನಲ್ಲಿ ಬರೆದಿಟ್ಟು, ಮುಂದಿನ ತಿಂಗಳಿಗೆ ಕಾಯದೆ ವೈದ್ಯರ ಬಳಿ ಕಳಿಸಿ.